ಮಗ್ಗದ ಮೇಲಿನ ಹಸಿರು ದೀಪ

“ಸುಳ್ಳು ಹೇಳ್ತಾ ಐತೆ,” ಎಂದರು ನಿರ್ಮಲಾ.

ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ದುರುಗೇಶನ ಮುಖ ಬಿಳಿಚಿಕೊಂಡಿತು.

“ನೀನಲ್ಲ ಕಣಪ್ಪ. ಈ ಪೆಟ್ಟಿಗೆ.”

ಪೆಟ್ಟಿಗೆ ಎಂದರೆ ಮಗ್ಗದ ಮೇಲ್ಗಡೆ ತಿರುಪು ಹಾಕಿ ಕೂರಿಸಿದ್ದ, ಟಿಫಿನ್ ಕ್ಯಾರಿಯರ್‌ನಷ್ಟು ದೊಡ್ಡ ಕಪ್ಪು ಡಬ್ಬಿ. ಚಳ್ಳಕೆರೆಯಲ್ಲಿರುವ ಸರ್ವರ್‌ನಿಂದ ಸೀರೆಯ ಡಿಸೈನ್ ತರಿಸಿಕೊಂಡು, ಯಾವ ಎಳೆ ಮೇಲೇಳಬೇಕು, ಯಾವುದು ಸುಮ್ಮನಿರಬೇಕು ಎಂದು ಮಗ್ಗಕ್ಕೆ ಹೇಳುವುದು ಅದರ ಕೆಲಸ. ಸರ್ವರ್ ಸಿಕ್ಕಿದರೆ ಹಸಿರು ದೀಪ, ಸಿಗದಿದ್ದರೆ ಕೆಂಪು.

ಈಗ ಹಸಿರು ಉರಿಯುತ್ತಿತ್ತು. ಆದರೆ ಪೆಟ್ಟಿಗೆಯ ತಂತಿ ಚಳ್ಳಕೆರೆಯ ದಾರಿ ಹಿಡಿದಿರಲೇ ಇಲ್ಲ. ನಿರ್ಮಲಾ ಅದನ್ನು ಗೋಡೆಯಿಂದ ಕಿತ್ತು ತಮ್ಮ ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿದ್ದರು. ‘ನಾನೇ ಚಳ್ಳಕೆರೆಯ ಸರ್ವರ್’ ಎಂದು ಲ್ಯಾಪ್‌ಟಾಪ್ ಒಂದು ಮಾತು ಅಂದದ್ದೇ ತಡ, ಪೆಟ್ಟಿಗೆ ಬಾಗಿಲು ತೆರೆದು, ಕೈಕಾಲು ತೊಳೆಯಲು ನೀರು ಕೊಟ್ಟು, ಕೇಳದೆಯೇ ದುರುಗೇಶನ ಪಾಸ್‌ವರ್ಡನ್ನೂ ಒಪ್ಪಿಸಿಬಿಟ್ಟಿತು.

ನಿರ್ಮಲಾ ಪರದೆಯನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿ ಆಯುಷ್ಯ ಸವೆಸಿದ ಹೆಂಗಸು. ನಿವೃತ್ತಿಯಾದ ಮೇಲೆ ಚಳ್ಳಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಊರಿಗೆಲ್ಲ ಅವರು ವೈರ್‌ಲೆಸ್ ನಿರ್ಮಲಕ್ಕ. ಸಿಕ್ಕಿದ್ದನ್ನು ತಕ್ಷಣ ತೋರಿಸಿಬಿಡುವ ಚಾಳಿ ಅವರಿಗಿಲ್ಲ.

ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಸಂಘ ಅವರನ್ನು ಕರೆಸಿದ್ದು ಒಂದೇ ಪ್ರಶ್ನೆಗೆ. ಸಂಘದ ಹೊಸ ಹಂಸದ ಅಂಚು ಮಗ್ಗದಿಂದ ಇಳಿಯುವ ಮೊದಲೇ ರಾಂಪುರದ ಅಂಗಡಿಯೊಂದರ ಗಾಜಿನ ಹಿಂದೆ ನೇತಾಡುತ್ತಿತ್ತಲ್ಲ, ಅದು ಹೇಗೆ? ಡಿಸೈನ್ ತೆರೆಯುವ ಪಾಸ್‌ವರ್ಡ್ ಇದ್ದದ್ದು ದುರುಗೇಶನೊಬ್ಬನ ಹತ್ತಿರ. ಊಟದ ಹೊತ್ತಿಗೆ ಹಿರಿಯರು ಸೇರುತ್ತಾರೆ. ಅಷ್ಟರಲ್ಲಿ ಉತ್ತರ ಸಿಗದಿದ್ದರೆ ಅಧ್ಯಕ್ಷ ಉಗ್ರಪ್ಪ ಸ್ಟೇಷನ್ನಿಗೆ ದೂರು ಕೊಡುವುದು ಖಂಡಿತ. ದುರುಗೇಶನ ಮಗ್ಗವೂ ಹೋಯಿತು, ಮಾನವೂ ಹೋಯಿತು.

“ದುರುಗೇಶ, ಯಾರು ಬಂದ್ರೂ ಗುರುತು ಕೇಳಬೇಡ ಅಂತ ಈ ಪೆಟ್ಟಿಗೇಗೆ ಹೇಳಿಕೊಟ್ಟೋರು ಯಾರು?”

“ಗೊತ್ತಿಲ್ಲಕ್ಕ.”

“ಗುರುತು ನೋಡು ಅನ್ನೋ ಕಡೆ ಬೇಡ ಅಂತ ಒತ್ತೈತೆ. ಅದು ತಾನಾಗಿ ಒತ್ತಿಕೊಳ್ಳಲ್ಲ.”

ದುರುಗೇಶ ಲಾಳಿಯನ್ನು ಕೈಗೆತ್ತಿಕೊಂಡು ತಿರುಗಿಸುತ್ತ ಕೂತ. 

ಕದ್ದವರು ಹೀಗೆ ಸುಮ್ಮನಿರುವುದಿಲ್ಲ, ನೂರೆಂಟು ಮಾತಾಡುತ್ತಾರೆ ಎಂಬುದು ನಿರ್ಮಲಾ ಕಂಡುಕೊಂಡ ಸತ್ಯ. ಹೀಗೆ ತುಟಿ ಕಚ್ಚಿ ಕೂರುವವರು ಸಾಮಾನ್ಯವಾಗಿ ಬೇರೆ ಯಾರನ್ನೋ ಬೆನ್ನ ಹಿಂದೆ ಅಡಗಿಸಿಟ್ಟುಕೊಂಡಿರುತ್ತಾರೆ. ಹುಡುಗನ ಮೇಲೆ ಅವರಿಗೆ ಸಿಟ್ಟು ಬಂತು, ಕನಿಕರವೂ ಬಂತು.

ಅವರು ಪೆಟ್ಟಿಗೆಯ ಗಡಿಯಾರ ಎಷ್ಟು ತೋರಿಸುತ್ತಿದೆ ಎಂದು ನೋಡಿದರು. ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪೆಟ್ಟಿಗೆಯ ಪ್ರಕಾರ ಅದು ಇನ್ನೂ ಕಾರ್ಖಾನೆಯಲ್ಲೇ ಇತ್ತು. ಮೊಳಕಾಲ್ಮೂರಿಗೆ ಬಂದೇ ಇರಲಿಲ್ಲ. ತಾನು ತಯಾರಾದ ವರ್ಷದಲ್ಲೇ ಅದು ಹಾಯಾಗಿ ಕಾಲ ಹಾಕುತ್ತಿತ್ತು.

ತಿರುಪು ಬಿಚ್ಚಿ ಒಳಗೆ ಇಣುಕಿದರು. ಕರೆಂಟು ಹೋದಾಗ ಗಡಿಯಾರವನ್ನು ನಡೆಸಬೇಕಾದ ಗುಂಡಿಯಂಥ ಸಣ್ಣ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು.

ಸರಿ, ಆದರೆ ಈ ಪೆಟ್ಟಿಗೆಗೆ ಕರೆಂಟು ಹೋಗುವುದಾದರೂ ಯಾವಾಗ? ಕೆಳಗೆ ದೊಡ್ಡ ಯುಪಿಎಸ್ ಇದೆ. ಪೆಟ್ಟಿಗೆ ಬಂದ ದಿನವೇ, ಮಗ್ಗದ ಮನೆಯ ಮೇನ್ ಸ್ವಿಚ್ಚಿಗೆ ಯಾರೂ ಕೈ ಹಾಕಕೂಡದು ಎಂದು ಉಗ್ರಪ್ಪ ಅಪ್ಪಣೆ ಮಾಡಿದ್ದಾರೆ.

ನಿರ್ಮಲಾ ಎದ್ದು ಮೇನ್ ಸ್ವಿಚ್ಚಿನ ಹತ್ತಿರ ಹೋದರು. ಅದರ ಕಬ್ಬಿಣದ ಹಿಡಿಯ ಮೇಲೆ ಅರಿಶಿನ, ಕುಂಕುಮ. ಒಣಗಿದ ಒಂದು ಕಣಗಲೆ ಹೂ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಪಕ್ಕದಲ್ಲೇ ಯುಪಿಎಸ್ಸಿನ ಗುಂಡಿಗೂ ಪುಟ್ಟ ಬೊಟ್ಟು.

“ಹೊನ್ನಕ್ಕ,” ಎಂದು ಕೂಗಿದರು.

ಪಕ್ಕದ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂರುವ ಗುಂಡಿಯಿಂದ ದುರುಗೇಶನ ತಾಯಿ ಹೊನ್ನಕ್ಕ ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. ಈ ಮಗ್ಗದ ಮನೆಯಲ್ಲಿ ಎಲ್ಲರಿಗಿಂತ ಹಳಬರು. ಅವರ ಕೈ ಪಳಗಿದ ಮೇಲೆ ಹುಟ್ಟಿದವರು ಈಗ ಸಂಘದ ಹಿರಿಯರು.

“ಈ ಸ್ವಿಚ್ಚಿಗೆ ಪೂಜೆ ಮಾಡೋರು ಯಾರು?”

“ನಾನೇ ತಾಯಿ. ಯಾಕೆ, ಏನಾತು?”

“ಯಾವಾಗ ಮಾಡ್ತೀರಿ?”

“ಇನ್ಯಾವಾಗ? ಅಮಾಸೆಗೆ,” ಎಂದರು ಹೊನ್ನಕ್ಕ, ಇಷ್ಟೂ ತಿಳಿಯದೇ ಎಂಬ ಧಾಟಿಯಲ್ಲಿ. “ಅಮಾಸೆ ದಿನ ಮಗ್ಗ ಮುಟ್ಟಂಗಿಲ್ಲ. ಅದೂ ಒಂದಿನ ಉಸಿರು ಬಿಡಬೇಕಲ್ಲ. ಲಾಳಿ, ಜಕಾರ್ಡು ಎಲ್ಲಾ ಒರೆಸಿ ಬೊಟ್ಟಿಡ್ತೀನಿ. ಈಗ ಮಗ್ಗ ಕರೆಂಟು ತಿನ್ನಾಕೆ ಹತ್ತೈತೆ. ಅದಕ್ಕೇ ಕರೆಂಟನ್ನೂ ಪೂರ್ತಿ ಆರಿಸಿ ಕೈಮುಗಿತೀನಿ. ಕೆಳಗಿನ ಡಬ್ಬಾನೂ ಆರಿಸ್ತೀನಿ, ಇಲ್ದಿದ್ರೆ ಕುಯ್ಯೋ ಅಂತ ಅರಚ್ಕೊಂತೈತೆ.”

“ಅವ್ವಾ!” ಎಂದ ದುರುಗೇಶ.

“ಏಮಿರಾ ನೀದಿ?” ಎಂದು ತೆಲುಗಿನಲ್ಲಿ ಗದರಿದರು ಹೊನ್ನಕ್ಕ. “ಏನೋ ನಿಂದು? ನಾನೇನು ಕದ್ದು ಮಾಡಿದ್ನಾ? ದೇವರ ಕೆಲಸ!”

ನಿರ್ಮಲಾ ಜೋರಾಗಿ ನಕ್ಕುಬಿಟ್ಟರು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಅರ್ಧ ಇಳಿದ ಹಾಗಾಯಿತು.

“ಈಗಾದ್ರೂ ಬಾಯಿ ಬಿಡಪ್ಪ ರಾಯ,” ಎಂದರು ದುರುಗೇಶನಿಗೆ. “ನಿಮ್ಮವ್ವನೇ ಎಲ್ಲಾ ಹೇಳಿಯಾತು.”

ದುರುಗೇಶ ಲಾಳಿ ಕೆಳಗಿಟ್ಟ. “ಅಮಾಸೆ ಮಾರನೇ ದಿನ ಬಂದು ಹಾಕಿದ್ರೆ ಕೆಂಪು ದೀಪ. ಏನ್ಮಾಡಿದ್ರೂ ಹಸಿರಾಗ್ಲಿಲ್ಲ. ಸರ್ವರ್ ನೋಡ್ಕೊಳ್ಳೋ ಚಳ್ಳಕೆರೆ ಗೋವರ್ಧನಣ್ಣಂಗೆ ಹೇಳಿದ್ರೆ ಮೇನ್ ಯಾರು ಆರಿಸಿದ್ದು ಅಂತ ಮೊದ್ಲು ಕೇಳ್ತಾರೆ. ಅಧ್ಯಕ್ಷರು ಅವ್ವನ್ನ ಮಗ್ಗದ ಮನೆಗೇ ಸೇರ್ಸಲ್ಲ. ಫೋನಲ್ಲಿ ಹುಡುಕಿದೆ. ಗುರುತು ನೋಡೋದನ್ನ ನಿಲ್ಸಿದ್ರೆ ಕನೆಕ್ಟ್ ಆಗ್ತೈತೆ ಅಂತ ಯಾರೋ ಬರೆದಿದ್ರು. ನಿಲ್ಸಿದೆ. ಹಸಿರಾಯ್ತು. ಅಷ್ಟೇ ಅಕ್ಕ ನಾನು ಮಾಡಿದ್ದು. ದೇವರಾಣೆ ಅಷ್ಟೇ.”

“ಅಷ್ಟೇ ಅಂತೀಯಲ್ಲೋ,” ಎಂದರು ನಿರ್ಮಲಾ. “ಬೀಗಕ್ಕೆ ತುಕ್ಕು ಹಿಡೀತು ಅಂತ ಬಾಗಿಲನ್ನೇ ಕಿತ್ತಿಟ್ಟಿದೀಯ.” ಆದರೆ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ನಿಜ ಹೇಳುತ್ತಿದ್ದಾನೆಂಬುದು ಅವರಿಗೆ ಖಾತ್ರಿಯಾಗಿತ್ತು.

ಹೊರಗೆ ಚಪ್ಪಲಿ ಬಿಡುವ ಸದ್ದು. ಹಿರಿಯರು ಬಂದರು. ಎಲ್ಲರಿಗಿಂತ ಮುಂದೆ ಉಗ್ರಪ್ಪ, ಹೆಸರಿಗೆ ತಕ್ಕ ಮೀಸೆ. ಹಿಂದೆ ಅವರ ಹೆಂಡತಿ ಪಾಲಮ್ಮ, ಟೀ ಲೋಟಗಳ ತಟ್ಟೆ ಹಿಡಿದು.

“ಏನಮ್ಮ ನಿರ್ಮಲಮ್ಮ, ಕಳ್ಳ ಒಪ್ಪಿಕೊಂಡನಾ?”

“ಕಳ್ಳ ಸಿಕ್ಕಿಲ್ಲ, ಉಗ್ರಪ್ಪನೋರೆ. ಇವನು ಕಳ್ಳ ಅಲ್ಲ ಅನ್ನೋದು ಸಿಕ್ಕೈತೆ.”

“ಹಂಗಂದ್ರೆ?” ಉಗ್ರಪ್ಪನ ದನಿ ಏರಿತು. “ನಾನು ಇವಳ ತವರಿನ ಮದುವೇಗೆ ರಾಂಪುರಕ್ಕೆ ಹೋದಾಗ ಕಣ್ಣಾರೆ ಕಂಡೀನಿ. ಅದೇ ಹಂಸ, ಅದೇ ಕೊಕ್ಕು! ಪಾಸ್‌ವರ್ಡು ಇವನ ಹತ್ರ ಬಿಟ್ರೆ ಇನ್ಯಾರ ಹತ್ರ ಐತೆ? ಇವನು ಬಾಯ್ಬಿಡದೆ ಹೊರಗೆ ಹೋಗಾಕೆ ಅದಕ್ಕೇನು ಕಾಲೈತಾ?”

“ಐತೆ,” ಎಂದರು ನಿರ್ಮಲಾ. “ತೋರಿಸ್ತೀನಿ. ನೀವೇ ಬಂದು ಈ ಪೆಟ್ಟಿಗೇಗೆ ಹೊಸ ಪಾಸ್‌ವರ್ಡ್ ಹಾಕ್ರಿ. ಜಗತ್ತಿನಲ್ಲಿ ಯಾರಿಗೂ ಹೇಳದಂಥ ಮಾತು ಹಾಕ್ರಿ. ನಾವೆಲ್ಲಾ ಹೊರಗೆ ನಿಂತಿರ್ತೀವಿ.”

ಎಲ್ಲರೂ ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತರು. ಒಳಗೆ ಉಗ್ರಪ್ಪ ಪೆಟ್ಟಿಗೆಯ ಕೀಲಿಮಣೆಯ ಮೇಲೆ ಒಂದೊಂದೇ ಅಕ್ಷರ ಹುಡುಕಿ ಕುಟ್ಟುವ ಸದ್ದು ಕೇಳುತ್ತಿತ್ತು. ಹೊನ್ನಕ್ಕ ಮಗನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

“ಹಾಕಿದೆ ಬರ್ರಿ. ಈಗ ಬ್ರಹ್ಮ ಬಂದ್ರೂ ಹೇಳಾಕಾಗಲ್ಲ.”

ನಿರ್ಮಲಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಒಂದು ಗುಂಡಿ ಒತ್ತಿದರು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಅವರು ಪರದೆ ನೋಡಿದರು, ಉಗ್ರಪ್ಪನನ್ನು ನೋಡಿದರು, ಮತ್ತೆ ಪರದೆ ನೋಡಿದರು. ತುಟಿಯ ಮೂಲೆಯಲ್ಲಿ ನಗು ತಡೆಯಲಾಗಲಿಲ್ಲ.

“ಓದ್ಲಾ?”

“ಓದಮ್ಮ, ಓದು! ನನಗೇನು ಹೆದ್ರಿಕೆ?”

“ಪಾಲಮ್ಮ ಬಂಗಾರ.”

ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಒಮ್ಮೆಯೂ ಬಾಯಿಬಿಟ್ಟು ಹೇಳದ ಮನುಷ್ಯ ಉಗ್ರಪ್ಪ. ‘ಏ ಇವಳೇ’ ಎನ್ನುವುದೇ ಅವರ ಇಡೀ ಸಂಸಾರದ ಮಂತ್ರ. ಆಮೇಲೆ ಹಿರಿಯರಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಅಷ್ಟೇ ಸಾಕಾಯಿತು. ಸೂರು ಹಾರಿಹೋಗುವಂತೆ ನಕ್ಕರು ಎಲ್ಲರೂ. ಪಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಉಗ್ರಪ್ಪನ ಮೀಸೆಯೇ ನಾಚಿ ಕೆಳಗೆ ಇಳಿಯಿತು.

“ನೀವು ನನಗೆ ಹೇಳಿದ್ರಾ?” ಎಂದು ಕೇಳಿದರು ನಿರ್ಮಲಾ.

“ಇಲ್ಲಮ್ಮ.”

“ಹಂಗೇ ದುರುಗೇಶನೂ ಯಾರಿಗೂ ಹೇಳಿಲ್ಲ. ಪೆಟ್ಟಿಗೆ ಹೇಳೈತೆ. ದಾರಿಯಲ್ಲಿ ಯಾರೋ ಅಡ್ಡ ಕೂತು, ನಾನೇ ಚಳ್ಳಕೆರೆ ಸರ್ವರ್ ಅಂದಿದ್ದಾರೆ. ಇದು ನಂಬೈತೆ.”

ಆಮೇಲೆ ಅವರು ಗಡಿಯಾರದ ಕಥೆ ಬಿಡಿಸಿ ಹೇಳಿದರು. ಸರ್ವರ್ ಪ್ರತಿ ಸಲ ಮಾತಿಗೆ ಮುಂಚೆ ತನ್ನ ಸರ್ಟಿಫಿಕೇಟು ತೋರಿಸಬೇಕು. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕರೆಂಟು ಪೂರ್ತಿ ಹೋದ ಕೂಡಲೇ ಪೆಟ್ಟಿಗೆಯ ಗಡಿಯಾರ ಹಳೆಯ ವರ್ಷಕ್ಕೆ ಹೋಗಿ ಕೂರುತ್ತದೆ. ಆಗ ಅಸಲಿ ಸರ್ಟಿಫಿಕೇಟನ್ನೂ ಅದು ‘ಇನ್ನೂ ಜಾರಿಗೇ ಬಂದಿಲ್ಲ’ ಎಂದು ತಿರಸ್ಕರಿಸುತ್ತದೆ. ಇಂಟರ್ನೆಟ್ಟಿನಿಂದ ಸರಿಯಾದ ಹೊತ್ತು ಕೇಳಿಕೊಳ್ಳೋಣವೆಂದರೆ, ಚಳ್ಳಕೆರೆಯ ಸರ್ವರ್ ಬಿಟ್ಟು ಬೇರೆಯವರ ಜೊತೆ ಅದು ಮಾತಾಡದ ಹಾಗೆ ಗೋವರ್ಧನ ಕಟ್ಟುಮಾಡಿದ್ದಾನೆ. ಹುಡುಗ ದಿಕ್ಕು ತೋಚದೆ ಗುರುತು ನೋಡುವುದನ್ನೇ ನಿಲ್ಲಿಸಿದ.

“ಮೇನ್ ಆರಿಸಿದ್ದು ಯಾರು?” ಎಂದರು ಉಗ್ರಪ್ಪ, ಹಳೆಯ ಗತ್ತನ್ನು ಸ್ವಲ್ಪ ವಾಪಸು ತಂದುಕೊಂಡು.

“ನಾನು ಕಣಪ್ಪ,” ಎಂದು ಹೊನ್ನಕ್ಕ ಮುಂದೆ ಬಂದರು. “ಅಮಾಸೆಗೆ ಮಗ್ಗ ನಿಲ್ಸಬೇಕು ಅಂತ ನಂಗೆ ಹೇಳಿಕೊಟ್ಟೋರು ನಿಮ್ಮವ್ವ. ಬೈಯೋದಾದ್ರೆ ಅಲ್ಲಿಂದ ಶುರು ಮಾಡು.”

ಉಗ್ರಪ್ಪ ಜೇಬಿನಿಂದ ದೂರಿನ ಅರ್ಜಿ ತೆಗೆದು ಹರಿದು, ಟೀ ತಟ್ಟೆಯ ಮೇಲೆ ಹಾಕಿದರು. ದುರುಗೇಶನ ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟರು.

“ತಪ್ಪು ತಿಳ್ಕಂಡೆ ಕಣಲೇ. ಮನಸ್ಸಿಗೆ ಹಚ್ಕೋಬೇಡ.”

ದುರುಗೇಶ ತಲೆಯಾಡಿಸಿದ. ಹೊನ್ನಕ್ಕ ಮಗನ ಎದೆಗೆ ತಲೆ ಆನಿಸಿ ಅತ್ತೇಬಿಟ್ಟರು. ನಿರ್ಮಲಾ ಬೇರೆ ಕಡೆ ತಿರುಗಿ ಬೇಡದಿದ್ದರೂ ಕನ್ನಡಕ ಒರೆಸಿಕೊಂಡರು. ಇಷ್ಟು ಖುಷಿ ಅವರಿಗೆ ಆಗಿ ಬಹಳ ಕಾಲವಾಗಿತ್ತು.

“ಇನ್ನು ಬಾಗಿಲು ಭದ್ರ ಮಾಡೋಣ,” ಎಂದು ಕೆಲಸಕ್ಕೆ ಕೂತರು. ತಮ್ಮ ಚೀಲದಿಂದ ಹೊಸ ಬ್ಯಾಟರಿ ತೆಗೆದು ಹಾಕಿದರು. ಗಡಿಯಾರಕ್ಕೆ ಇವತ್ತಿನ ದಿನ, ಹೊತ್ತು ಕೊಟ್ಟರು. ದುರುಗೇಶನ ಕೈಯಿಂದಲೇ ‘ಗುರುತು ನೋಡು’ ಎಂಬ ಕಡೆ ಮತ್ತೆ ‘ಬೇಕು’ ಎಂದು ಒತ್ತಿಸಿದರು. ಉಗ್ರಪ್ಪನ ಪಾಸ್‌ವರ್ಡ್ ಅಳಿಸಿ ಹಳೆಯದನ್ನೇ ಹಾಕಿಸಿದರು. ಊರಿಗೆ ಹೋದ ಮೇಲೆ ಗೋವರ್ಧನನ ಜೊತೆ ಕೂತು ಹೊಸದು ಮಾಡಿದರಾಯಿತು.

ಮೊದಲು ಲ್ಯಾಪ್‌ಟಾಪಿನ ನಕಲಿ ಸರ್ವರ್‌ನಿಂದ ಪರೀಕ್ಷೆ. “ನಾನೇ ಚಳ್ಳಕೆರೆ,” ಎಂದಿತು ಲ್ಯಾಪ್‌ಟಾಪ್. ಪೆಟ್ಟಿಗೆ ಕೆಂಪು ದೀಪ ಹಚ್ಚಿ ಮುಖ ತಿರುಗಿಸಿತು. ಪಾಸ್‌ವರ್ಡಿನ ಒಂದಕ್ಷರವನ್ನೂ ಬಿಡಲಿಲ್ಲ. ಹಿರಿಯರು ಚಪ್ಪಾಳೆ ತಟ್ಟಿದರು.

“ಹಂಗಾದ್ರೆ ಇನ್ಮೇಲೆ ಹೊರಗಿನೋರು ಯಾರೂ ಒಳಗೆ ಬರಾಕಾಗಲ್ವಾ?” ಎಂದು ಪಾಲಮ್ಮ ಟೀ ಲೋಟ ಕೊಡುತ್ತ ಕೇಳಿದರು.

“ಇಲ್ಲಮ್ಮ. ಸರ್ಟಿಫಿಕೇಟು ಯಾರು ಬೇಕಾದ್ರೂ ತೋರಿಸಬಹುದು. ಅದು ತನ್ನದೇ ಅಂತ ಸಾಬೀತು ಮಾಡೋಕೆ ಅದರ ಗುಟ್ಟಿನ ಕೀಲಿ ಬೇಕು. ಅದು ಇರೋದು ಚಳ್ಳಕೆರೆ ಸರ್ವರ್‌ನಾಗೆ. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಾಗೆ, ನಿಮ್ಮ ಲಕ್ಷ್ಮಿ ಬೀರುವಿನಾಗೆ.”

ಸಂಘದ ಲಕ್ಷ್ಮೀ ಪೂಜೆಯ ಬೀರು ಆ ಮಗ್ಗದ ಮನೆಯ ಮೂಲೆಯಲ್ಲೇ ಇತ್ತು. ಗೋವರ್ಧನ ಪೆನ್‌ಡ್ರೈವ್ ತಂದುಕೊಟ್ಟ ದಿನ ಉಗ್ರಪ್ಪ ಅದಕ್ಕೆ ಕುಂಕುಮ ಹಚ್ಚಿ, ದೇವಿಯ ಪಾದದ ಹತ್ತಿರ ಇಟ್ಟು ಬೀಗ ಹಾಕಿದ್ದರು. ಬೀರುವಿನ ಬೀಗದ ಕೈ ಯಾವಾಗಲೂ ಅವರ ಉಡಿದಾರದಲ್ಲಿ.

“ಅದಿರ್ಲಿ ಬಿಡ್ರಿ ದೇವಿ ಕಾವಲಿನಾಗೆ,” ಎಂದು ಉಗ್ರಪ್ಪ ಸೊಂಟ ಮುಟ್ಟಿಕೊಂಡು ನಕ್ಕರು.

ನಿರ್ಮಲಾ ತಂತಿಯನ್ನು ಲ್ಯಾಪ್‌ಟಾಪಿನಿಂದ ಕಿತ್ತು ಮೊದಲಿನಂತೆ ಗೋಡೆಗೆ ಚುಚ್ಚಿದರು. ಪೆಟ್ಟಿಗೆ ಒಂದು ಗಳಿಗೆ ಯೋಚಿಸಿತು. ಹಸಿರು. ಡಿಸೈನ್ ಇಳಿಯಿತು. ದುರುಗೇಶ ಗುಂಡಿಗಿಳಿದು ತುಳಿದ, ಲಾಳಿ ಅತ್ತಿಂದಿತ್ತ ಓಡಿತು. ಹಂಸದ ಕೊಕ್ಕು ಜರಿಯಲ್ಲಿ ಮೂಡತೊಡಗಿತು. ಹೊನ್ನಕ್ಕ ಕಣ್ಣೊರೆಸಿಕೊಂಡು ಮೇನ್ ಸ್ವಿಚ್ಚಿಗೆ ದೂರದಿಂದಲೇ ಕೈಮುಗಿದರು.

ಅಡ್ಡ ಕೂತ ಆ ಕಳ್ಳ ಯಾರು ಎಂಬುದನ್ನು ಟೀ ಕುಡಿದು ನಿಧಾನವಾಗಿ ಹುಡುಕಿದರಾಯಿತು ಎಂದುಕೊಂಡರು ನಿರ್ಮಲಾ. ಮಿರ್ಚಿ ಬಜ್ಜಿ ತರಲು ಯಾರೋ ಓಡಿದರು. ನಿರ್ಮಲಾರ ಫೋನು ಗುಂಯ್‌ಗುಟ್ಟಿದ್ದು ಆಗಲೇ. ಚಳ್ಳಕೆರೆಯಿಂದ ಗೋವರ್ಧನ.

“ಅಕ್ಕ, ಬೇಜಾರು ಮಾಡ್ಕೋಬೇಡಿ. ನೀವು ಕನೆಕ್ಟ್ ಮಾಡಿ ನೋಡಿದ್ರೆ ಕೆಂಪೇ ಬರ್ತೈತೆ. ಗಾಬರಿ ಆಗ್ತೀರೇನೋ ಅಂತ ಫೋನ್ ಮಾಡ್ದೆ.”

“ಯಾಕೆ?”

“ಇಲ್ಲಿ ಬೆಳಗ್ಗೆಯಿಂದ ಕರೆಂಟಿಲ್ಲ. ಲೈನ್ ಕೆಲಸ ನಡೀತೈತೆ. ಯುಪಿಎಸ್ಸೂ ಕೈಕೊಟ್ತು. ಸರ್ವರ್ ಆಫ್ ಆಗಿ ಬಹಳ ಹೊತ್ತಾಯ್ತು.”

ನಿರ್ಮಲಾ ಫೋನನ್ನು ಕಿವಿಗೆ ಒತ್ತಿ ಹಿಡಿದರು. ಗೋವರ್ಧನ ಕೂರುವುದು ಎಣ್ಣೆ ಮಿಲ್ಲಿನ ಮಹಡಿಯ ಮೇಲೆ. ಅವನು ಯಾವಾಗ ಫೋನ್ ಮಾಡಿದರೂ ಕೆಳಗಿನ ಗಾಣದ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಇವತ್ತು ಮಿಲ್ಲು ಸತ್ತಂತೆ ಸುಮ್ಮನಿತ್ತು. ಅವನ ಕಿಟಕಿಯಲ್ಲಿ ಪಾರಿವಾಳ ಗುಟುರು ಹಾಕುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಹುಡುಗ ನಿಜ ಹೇಳುತ್ತಿದ್ದ.

ಅವರು ತಲೆಯೆತ್ತಿ ನೋಡಿದರು. ಮಗ್ಗದ ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು. ದುರುಗೇಶನ ಕೈಕೆಳಗೆ ಹಂಸಕ್ಕೆ ಕಣ್ಣು ಬಂದಿತ್ತು.

ಗಡಿಯಾರ ಸರಿಯಿದೆ. ಪೆಟ್ಟಿಗೆ ಗುರುತು ನೋಡಿಯೇ ಒಳಗೆ ಬಿಟ್ಟಿದೆ. ಚಳ್ಳಕೆರೆಯ ಸರ್ವರ್ ಕತ್ತಲೆಯಲ್ಲಿದೆ. ಹಾಗಾದರೆ ಈಗ ಅತ್ತ ಕಡೆ ಕೂತು ಡಿಸೈನ್ ಕೊಡುತ್ತಿರುವವರ ಹತ್ತಿರ ಸಂಘದ ಅಸಲಿ ಗುಟ್ಟಿನ ಕೀಲಿಯೇ ಇದೆ. ಹುಡುಗ ಬಾಗಿಲು ಕಿತ್ತಿಟ್ಟಿದ್ದರೂ ಇಡದಿದ್ದರೂ ಆ ಕಳ್ಳನಿಗೆ ಅದರ ಹಂಗೇ ಇರಲಿಲ್ಲ. ದುರುಗೇಶನ ಮೇಲಿನ ಅನುಮಾನದ ಕೊನೆಯ ಎಳೆಯೂ ಕಡಿದುಹೋಯಿತು. ನಿರ್ಮಲಾರಿಗೆ ಅಷ್ಟರ ಮಟ್ಟಿಗೆ ಸಮಾಧಾನವೇ. ಆದರೆ ಆ ಕೀಲಿಯ ಇನ್ನೊಂದು ಪ್ರತಿ ಇದ್ದದ್ದು ಈ ಮನೆಯ ಬೀರುವಿನಲ್ಲಿ.

ಅವರು ಎದ್ದು ಉಗ್ರಪ್ಪನ ಹತ್ತಿರ ಹೋಗಿ ದನಿ ತಗ್ಗಿಸಿದರು. “ಲಕ್ಷ್ಮಿ ಬೀರು ನಿಮ್ಮನ್ನ ಬಿಟ್ಟು ಇನ್ಯಾರು ತೆಗೀತಾರೆ?”

“ಯಾರೂ ಇಲ್ಲಮ್ಮ. ಬೀಗದ ಕೈ ನನ್ನ ಸೊಂಟದಾಗೇ ಇರ್ತೈತೆ,” ಎಂದರು ಉಗ್ರಪ್ಪ, ಇನ್ನೂ ನಗುತ್ತಲೇ. “ಶುಕ್ರವಾರ ದೀಪ ಹಚ್ಚಾಕೆ ಮಾತ್ರ ಇವಳ ಕೈಗೆ…”

ನಗು ಅಲ್ಲಿಗೇ ನಿಂತಿತು.

ಉಗ್ರಪ್ಪ ನಿಧಾನವಾಗಿ ಬಾಗಿಲ ಕಡೆ ತಿರುಗಿದರು. ಹೊಸ್ತಿಲ ಮೇಲೆ ಟೀ ಲೋಟಗಳ ತಟ್ಟೆ ಇತ್ತು, ಹರಿದ ದೂರಿನ ಚೂರುಗಳ ಸಮೇತ. ಪಾಲಮ್ಮ ಇರಲಿಲ್ಲ. ಹೊರಗೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳಲ್ಲಿ ಅವರ ಜೋಡಿಯೂ ಇರಲಿಲ್ಲ.

“ಏ ಇವಳೇ,” ಎಂದು ಕೂಗಿದರು ಉಗ್ರಪ್ಪ. ಉತ್ತರ ಬರಲಿಲ್ಲ.

ಆಗ ಅವರು ಅಷ್ಟು ಜನರ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಕೂಗಿದರು.